ತೊಂಬತ್ತು ದಿನದ ಲೆಕ್ಕ: ಕೆಲಸಕ್ಕೆ ಜನರನ್ನು ಸೂಚಿಸಿ ಬಹುಮಾನ ಪಡೆದ ಅನುಭವ

ಶಿರಾದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ಇದೆ. ಪಹಣಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿಗಳಿಗೆ ಬರುವವರಷ್ಟೇ ಸಂಖ್ಯೆಯಲ್ಲಿ ಬಯೋಡೇಟಾ ಮಾಡಿಸಿಕೊಳ್ಳಲು ಬರುವ ಹುಡುಗ ಹುಡುಗಿಯರೂ ಇದ್ದಾರೆ. ಐಟಿಐ ಮುಗಿಸಿದವರು, ಬಿಕಾಂ ಮಾಡಿ ಟ್ಯಾಲಿ ಕಲಿತವರು, ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವರು ಎಲ್ಲರೂ ನನ್ನ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಹೋದವರೇ. ಹೀಗಾಗಿ 2025ರ ಮೇ ತಿಂಗಳಿನಲ್ಲಿ ಪರಿಚಯದವರೊಬ್ಬರು, ‘ಕೆಲಸ ಖಾಲಿ ಇರುವ ಮಾಹಿತಿ ಒಂದು ಆಪ್‌ನಲ್ಲಿ ಬರುತ್ತದೆ, ಸರಿಯಾದ ಮನುಷ್ಯನನ್ನು ತೋರಿಸಿಕೊಟ್ಟರೆ ನಿಮಗೆ ಹಣ ಕೊಡುತ್ತಾರೆ’ ಎಂದು ಹೇಳಿದಾಗ, ಇದು ನನಗಾಗಿಯೇ ಇರುವ ಕೆಲಸ ಎಂದು ನನಗೆ ಅನ್ನಿಸಿತು. ಅಲ್ಲಿಂದ ಡಿಸೆಂಬರ್ ಕೊನೆಯವರೆಗೆ, ಎಂಟು ತಿಂಗಳಲ್ಲಿ, 11 ಜನರ ಹೆಸರು ಸೂಚಿಸಿ ಇಬ್ಬರಿಗೆ ಮಾತ್ರ ಬಹುಮಾನ ಪಡೆದೆ. ಈ ಹಾದಿಯಲ್ಲಿ ನಾನು ಎಡವಿದ ಜಾಗಗಳನ್ನು, ಈಗಷ್ಟೇ ಇದಕ್ಕೆ ಇಳಿಯುತ್ತಿರುವವರಿಗಾಗಿ, ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಹೇಳಬೇಕು. ಕಂಪನಿಯೊಂದು ತನಗೆ ಬೇಕಾದ ಕೆಲಸಗಾರನ ವಿವರವನ್ನೂ, ಅಂಥವರನ್ನು ಹುಡುಕಿಕೊಟ್ಟವರಿಗೆ ಎಷ್ಟು ಕೊಡುತ್ತೇವೆಂಬ ಮೊತ್ತವನ್ನೂ ಆಪ್‌ನಲ್ಲಿ ಹಾಕುತ್ತದೆ. ಹೆಸರು ನೋಂದಾಯಿಸಿಕೊಂಡ ಯಾರು ಬೇಕಾದರೂ ತಮಗೆ ಗೊತ್ತಿರುವವರ ಬಯೋಡೇಟಾ ಕಳುಹಿಸಬಹುದು. ಅಷ್ಟೇ ಅಲ್ಲ, ಎಲ್ಲೋ ಕಾರ್ಖಾನೆಯ ಗೇಟಿನಲ್ಲಿ ‘ಕೆಲಸಗಾರರು ಬೇಕಾಗಿದ್ದಾರೆ’ ಎಂಬ ಬೋರ್ಡು ಕಂಡ ಸಾಮಾನ್ಯ ಜನರೂ ಆ ಮಾಹಿತಿಯನ್ನು ಸೇರಿಸಬಹುದು. ಜನರೇ ಮಾಹಿತಿ ತುಂಬುವುದರಿಂದ ಒಂದೇ ಕೆಲಸ ಮೂರು ಕಡೆ, ಮೂರು ಬೇರೆ ಬೇರೆ ಮೊತ್ತದೊಂದಿಗೆ ಕಾಣಿಸುವುದುಂಟು. ತುಮಕೂರಿನ ಒಂದು ಕಚೇರಿಗೆ ಟ್ಯಾಲಿ ಮತ್ತು ಜಿಎಸ್‌ಟಿ ಗೊತ್ತಿರುವ ಲೆಕ್ಕಿಗರು ಬೇಕೆಂಬ ಪ್ರಕಟಣೆಗೆ ಕಂಪನಿಯೇ ಹಾಕಿದ್ದ ಬಹುಮಾನ 12,000 ರೂಪಾಯಿ. ಅದೇ ಕೆಲಸವನ್ನು ನಡುವಿನವರೊಬ್ಬರು ಮತ್ತೆ ಹಾಕಿ, ತಮ್ಮ ಮೂಲಕ ಕಳುಹಿಸಿದರೆ 4,000 ಎಂದಿದ್ದರು. ಆದ್ದರಿಂದ ಹೆಸರು ಕಳುಹಿಸುವ ಮೊದಲು ಪ್ರಕಟಣೆ ಹಾಕಿದವರು ಯಾರು ಎಂಬುದನ್ನು ನೋಡಿಕೊಳ್ಳಿ, ಕಂಪನಿಗೆ ನೇರವಾಗಿ ಫೋನ್ ಮಾಡಿ ಕೆಲಸ ನಿಜವಾಗಿಯೂ ಖಾಲಿ ಇದೆಯೇ ಎಂದು ಕೇಳಿಕೊಳ್ಳಿ. ಈ ಒಂದು ಫೋನಿನಿಂದ ನನಗೆ ಉಳಿದ ಸಮಯ ಬಹಳ.

ನೋಂದಣಿಯಲ್ಲಿಯೇ ನನಗೆ ಮೂರು ವಾರ ಹೋಯಿತು. ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇಷ್ಟನ್ನು ಕೇಳಿದರು. ಕೊಟ್ಟೆ. ಖಾತೆಯನ್ನು ಪರಿಶೀಲಿಸಲು ಒಂದು ರೂಪಾಯಿ ಜಮಾ ಮಾಡಿ, ಬ್ಯಾಂಕಿನಲ್ಲಿರುವ ಹೆಸರನ್ನು ಪ್ಯಾನ್ ಕಾರ್ಡಿನ ಹೆಸರಿನೊಂದಿಗೆ ತಾಳೆ ನೋಡುತ್ತಾರೆ. ನನ್ನ ಪಾಸ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಮಾತ್ರ ಇದ್ದವು. ಪ್ಯಾನ್ ಕಾರ್ಡಿನಲ್ಲಿ ಅದೇ ಎರಡು ಅಕ್ಷರಗಳು ಊರಿನ ಹೆಸರಾಗಿ, ತಂದೆಯ ಹೆಸರಾಗಿ ಪೂರ್ತಿ ಬಿಡಿಸಿಕೊಂಡಿದ್ದವು. ‘ಹೆಸರು ಹೊಂದಿಕೆಯಾಗುತ್ತಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂತು. ನಮ್ಮ ಕಡೆಯ ಅರ್ಧಕ್ಕರ್ಧ ಜನರ ಹೆಸರುಗಳು ಹೀಗೆಯೇ ಇವೆ, ದಿನವೂ ಇಂಥ ತಿದ್ದುಪಡಿಗಳನ್ನು ಬೇರೆಯವರಿಗೆ ಮಾಡಿಕೊಡುವ ನಾನು ನನ್ನದನ್ನು ನೋಡಿಕೊಂಡಿರಲಿಲ್ಲ. ಬ್ಯಾಂಕಿಗೆ ಪ್ಯಾನ್ ಮತ್ತು ಆಧಾರ್ ಪ್ರತಿಗಳೊಂದಿಗೆ ಅರ್ಜಿ ಕೊಟ್ಟು, ಖಾತೆಯ ಹೆಸರನ್ನು ತಿದ್ದಿಸಿಕೊಳ್ಳಲು 11 ದಿನ ಹಿಡಿಯಿತು. ನೀವು ಇದನ್ನು ಮೊದಲೇ ಮುಗಿಸಿಕೊಳ್ಳಿ. ಜೊತೆಗೆ ನಿಮ್ಮ ಪ್ಯಾನ್ ಆಧಾರ್‌ಗೆ ಜೋಡಣೆಯಾಗಿದೆಯೇ ಎಂಬುದನ್ನೂ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಜೋಡಣೆಯಾಗದೆ ನಿಷ್ಕ್ರಿಯವಾಗಿರುವ ಪ್ಯಾನ್ ಕೊಟ್ಟರೆ, ತೆರಿಗೆ ಕಡಿತ ಮಾಡಬೇಕಾದ ಸಂದರ್ಭದಲ್ಲಿ ಶೇ 20ರಷ್ಟು ಹಿಡಿದುಕೊಳ್ಳುತ್ತಾರೆ.

ಖಾತೆ ತೆರೆದುಕೊಂಡ ಮೊದಲ ವಾರದಲ್ಲಿಯೇ ನಾನು ಒಂದು ತಪ್ಪು ಮಾಡಿದೆ. ಅದನ್ನು ಮುಚ್ಚಿಡದೆ ಹೇಳಬೇಕು. ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಹಲವು ವರ್ಷಗಳ ಬಯೋಡೇಟಾಗಳು ಉಳಿದುಕೊಂಡಿದ್ದವು. ಲೆಕ್ಕಿಗರ ಕೆಲಸದ ಪ್ರಕಟಣೆ ಕಂಡ ಕೂಡಲೇ, ಹಿಂದೊಮ್ಮೆ ಟ್ಯಾಲಿ ಕಲಿತ ಹೆಣ್ಣುಮಗಳೊಬ್ಬರ ಬಯೋಡೇಟಾವನ್ನು ಅವರನ್ನು ಕೇಳದೆಯೇ ಕಳುಹಿಸಿಬಿಟ್ಟೆ. ಅವರು ಆಗಲೇ ಒಂದು ಕಡೆ ಕೆಲಸದಲ್ಲಿದ್ದರು. ಸಂದರ್ಶನಕ್ಕೆ ಕರೆಯುವ ಫೋನು ಅವರ ಕಚೇರಿಯ ಮಾಲೀಕರ ಎದುರಿಗೇ ಬಂದು, ‘ನೀನು ಬೇರೆ ಕಡೆ ಕೆಲಸ ಹುಡುಕುತ್ತಿದ್ದೀಯಾ’ ಎಂಬ ಮಾತು ಅವರು ಕೇಳಬೇಕಾಯಿತು. ಸಂಜೆ ಅಂಗಡಿಗೆ ಬಂದು, ಮೆಟ್ಟಿಲ ಮೇಲೇ ನಿಂತು, ‘ನನ್ನ ನಂಬರು ನಿಮಗೆ ಪ್ರಿಂಟ್ ತೆಗೆಯೋದಕ್ಕೆ ಕೊಟ್ಟಿದ್ದೆ ಅಣ್ಣಾ, ಮಾರೋದಕ್ಕಲ್ಲ’ ಎಂದರು. ನಾನು ಕ್ಷಮೆ ಕೇಳಿದೆ, ಆಪ್‌ನಿಂದ ಅವರ ಹೆಸರನ್ನು ತೆಗೆಸಿದೆ, ಆ ರಾತ್ರಿಯೇ ಕಂಪ್ಯೂಟರಿನಲ್ಲಿದ್ದ ಹಳೆಯ ಬಯೋಡೇಟಾಗಳನ್ನೆಲ್ಲ ಅಳಿಸಿದೆ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಬ್ಬರ ಮಾಹಿತಿಯನ್ನು ಬಳಸಲು ಅವರ ಒಪ್ಪಿಗೆಯನ್ನು ಮುಖ್ಯವೆಂದು ಹೇಳುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಆದರೆ ಆ ಹೆಣ್ಣುಮಗಳ ಮುಖ ನೋಡಿದ ಮೇಲೆ ನನಗೆ ಕಾಯ್ದೆಯ ಅಗತ್ಯವಿರಲಿಲ್ಲ. ಅಂದಿನಿಂದ, ಯಾವ ಕಂಪನಿ, ಯಾವ ಕೆಲಸ, ಎಷ್ಟು ಸಂಬಳ ಎಂಬುದನ್ನು ವಾಟ್ಸಾಪ್‌ನಲ್ಲಿ ಬರೆದು ಕಳುಹಿಸಿ, ‘ಕಳುಹಿಸಿ’ ಎಂಬ ಉತ್ತರ ಬರಹದಲ್ಲಿ ಬಂದ ಮೇಲೆಯೇ ಹೆಸರು ಸಲ್ಲಿಸುತ್ತಿದ್ದೇನೆ. ಆಧಾರ್ ಪ್ರತಿ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿಸುತ್ತೇನೆ. ಅದನ್ನು ಯುಐಡಿಎಐ ಪೋರ್ಟಲ್‌ನಿಂದಲೇ ಇಳಿಸಿಕೊಳ್ಳಬಹುದು.

ಮುಂದಿನ ತೊಡಕು ‘ಈಗಾಗಲೇ ನಮ್ಮ ದಾಖಲೆಯಲ್ಲಿದ್ದಾರೆ’ ಎಂಬುದು. ನಾನು ಕಳುಹಿಸಿದ ಹನ್ನೊಂದರಲ್ಲಿ ಮೂರು ಹೆಸರುಗಳು ಈ ಕಾರಣಕ್ಕೆ ಬಿದ್ದುಹೋದವು. ಅಭ್ಯರ್ಥಿಯು ಹಿಂದಿನ ಆರು ತಿಂಗಳಲ್ಲಿ ಅದೇ ಕಂಪನಿಗೆ ತಾನೇ ಅರ್ಜಿ ಹಾಕಿದ್ದರೆ, ಅಥವಾ ಬೇರೆ ಯಾರಾದರೂ ಅವರ ಹೆಸರನ್ನು ನಿಮಗಿಂತ ಮೊದಲು ಸಲ್ಲಿಸಿದ್ದರೆ, ನಿಮ್ಮ ಶ್ರಮಕ್ಕೆ ಬೆಲೆ ಇಲ್ಲ. ಕಂಪನಿಯವರು ಇದನ್ನು ಮೊಬೈಲ್ ನಂಬರಿನಿಂದಲೂ ಇಮೇಲ್‌ನಿಂದಲೂ ಪತ್ತೆ ಮಾಡುತ್ತಾರೆ. ಮೂವರಲ್ಲಿ ಒಬ್ಬ ಹುಡುಗನಿಗೆ ತಾನು ಅರ್ಜಿ ಹಾಕಿದ್ದು ನೆನಪೇ ಇರಲಿಲ್ಲ. ಕಾಲೇಜಿನ ಉದ್ಯೋಗ ಮೇಳದಲ್ಲಿ ಒಂದು ಹಾಳೆಯ ಮೇಲೆ ಹೆಸರು, ನಂಬರು ಬರೆದುಕೊಟ್ಟಿದ್ದನಂತೆ, ಅಷ್ಟೇ. ಹೀಗಾಗಿ ಬಯೋಡೇಟಾ ತಿದ್ದಲು ಕೂರುವ ಮೊದಲು, ‘ಈ ಕಂಪನಿಗೆ ಎಲ್ಲಾದರೂ ಹೆಸರು ಕೊಟ್ಟಿದ್ದೀರಾ, ಮೇಳದಲ್ಲಿ, ಕನ್ಸಲ್ಟೆನ್ಸಿಯಲ್ಲಿ, ಗೆಳೆಯರ ಮೂಲಕ’ ಎಂದು ಬಿಡಿಸಿ ಕೇಳಿ. ಹೆಸರು ಸಲ್ಲಿಸಿದ ಕೂಡಲೇ ದಿನಾಂಕ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನನ್ನ ಬಳಿ ಇದಕ್ಕೊಂದು 200 ಪುಟದ ನೋಟ್‌ಬುಕ್ ಕೂಡ ಇದೆ, ಒಬ್ಬೊಬ್ಬರಿಗೆ ಒಂದೊಂದು ಪುಟ.

ಇನ್ನು ನಾಲ್ವರು ಸಂದರ್ಶನದವರೆಗೆ ಹೋಗಲಿಲ್ಲ ಅಥವಾ ಆಯ್ಕೆಯಾಗಲಿಲ್ಲ. ಕೆಲಸಕ್ಕೆ ಸೇರಿದವರು ನಾಲ್ವರು.

ಆ ನಾಲ್ವರಲ್ಲಿ ಇಬ್ಬರು ದಾಬಸ್‌ಪೇಟೆಯ ಗೋದಾಮೊಂದಕ್ಕೆ ಸರಕು ಆರಿಸಿ ಪ್ಯಾಕ್ ಮಾಡುವ ಕೆಲಸಕ್ಕೆ ಸೇರಿದರು. ತಲಾ 2,500 ರೂಪಾಯಿ ಬಹುಮಾನ, 60 ದಿನದ ಷರತ್ತು. ಒಬ್ಬ 41ನೆಯ ದಿನಕ್ಕೆ ಬಿಟ್ಟುಬಂದ. ದಿನವಿಡೀ ನಿಂತೇ ಇರಬೇಕು, ನಡೆದೇ ಇರಬೇಕು ಎಂದ, ನಾನು ಹೆಚ್ಚು ಕೇಳಲಿಲ್ಲ. ಇನ್ನೊಬ್ಬ 60 ದಿನ ಪೂರೈಸಿದ. ಆದರೂ ಹಣ ಬರಲಿಲ್ಲ, ಏಕೆಂದರೆ ಅವನನ್ನು ಸೇರಿಸಿಕೊಂಡಿದ್ದು ಕಂಪನಿಯ ಹಾಜರಿ ಪಟ್ಟಿಗಲ್ಲ, ಗುತ್ತಿಗೆದಾರರೊಬ್ಬರ ಪಟ್ಟಿಗೆ. ‘ಇವರು ನಮ್ಮ ನೌಕರರಲ್ಲ’ ಎಂದು ಕಂಪನಿಯವರು ಬರೆದರು. ಅವನ ಪೇಸ್ಲಿಪ್ ತರಿಸಿ ನೋಡಿದಾಗ ಮೇಲ್ಭಾಗದಲ್ಲಿ ನಾನು ಎಂದೂ ಕೇಳದ ಏಜೆನ್ಸಿಯ ಹೆಸರಿತ್ತು. ನಾನು ದಾಬಸ್‌ಪೇಟೆಗೆ ಹೋಗಿ ಎರಡು ಗಂಟೆ ಗೇಟಿನ ಬಳಿ ಕಾದು, ಸೆಕ್ಯುರಿಟಿಯವರ ಮೂಲಕ ಎಚ್‌ಆರ್ ಜೊತೆ ಫೋನಿನಲ್ಲಿ ಮಾತನಾಡಿ ಬರಿಗೈಯಲ್ಲಿ ಹಿಂದಿರುಗಿದೆ. ಈ ವಿಷಯದಲ್ಲಿ ಈಗಲೂ ನನಗೆ ಬೇಸರವಿದೆ. ಪ್ರಕಟಣೆಯಲ್ಲಿ ಗುತ್ತಿಗೆಯ ಮಾತೇ ಇರಲಿಲ್ಲ. ಆಫರ್ ಲೆಟರ್ ಬಂದ ದಿನವೇ ಅದರ ಮೇಲಿನ ಹೆಸರನ್ನೂ ಪ್ರಕಟಣೆಯ ಹೆಸರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಬೇರೆಯಿದ್ದರೆ, ಅಭ್ಯರ್ಥಿ ಸೇರುವ ಮೊದಲೇ ಬರಹದಲ್ಲಿ ಪ್ರಶ್ನೆ ಕೇಳಿ. ಇದು ನಿಮ್ಮ ಬಹುಮಾನಕ್ಕಿಂತ ಹೆಚ್ಚಾಗಿ ಆ ಹುಡುಗನಿಗೆ ಬೇಕಾದ ವಿಷಯ. ತಾನು ಯಾರ ನೌಕರ ಎಂಬುದು ಅವನಿಗೆ ಸೇರುವ ದಿನ ಗೊತ್ತಿರಬೇಕು.

ಲೆಕ್ಕಿಗರ ಕೆಲಸಕ್ಕೆ ನಾನು ಎರಡನೆಯ ಸಲ ಸೂಚಿಸಿದ್ದು ಶಿರಾದ ಪಕ್ಕದ ಹಳ್ಳಿಯ ಬಿಕಾಂ ಓದಿದ ಹುಡುಗಿಯನ್ನು. ಜಿಎಸ್‌ಟಿ ರಿಟರ್ನ್ ತುಂಬುವುದರಲ್ಲಿ ಅವರ ಕೈ ಚುರುಕು, ಆದರೆ ಸಂದರ್ಶನ ಎಂದರೆ ಗಂಟಲು ಕಟ್ಟುತ್ತಿತ್ತು. ಮೂರು ದಿನ ಸಂಜೆ ಅಂಗಡಿಯಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಿದೆ. ಜುಲೈ 1ರಂದು ಸೇರಿದರು. ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ, ಆದ್ದರಿಂದ ತುಮಕೂರಿನಲ್ಲಿ ರೂಮು ಮಾಡುವ ಅಗತ್ಯವಿಲ್ಲದೆ ಶಿರಾದಿಂದಲೇ ಓಡಾಡಿದರು. ಸಂಬಳದಲ್ಲಿ ಬಾಡಿಗೆಯ ಪಾಲು ಮನೆಗೆ ಉಳಿಯಿತು. ಕೆಲಸ ಒಪ್ಪಿಕೊಳ್ಳಲು ಅವರ ತಂದೆಗೆ ಧೈರ್ಯ ಬಂದದ್ದೇ ಈ ಒಂದು ಕಾರಣಕ್ಕೆ.

ಷರತ್ತು ಹೀಗಿತ್ತು: ಸೇರಿದ ದಿನದಿಂದ 90 ದಿನ ನಿರಂತರ ಸೇವೆ, ಅದು ಮುಗಿದ 45 ದಿನಗಳೊಳಗೆ ಪಾವತಿ. ನನ್ನ ಲೆಕ್ಕದಲ್ಲಿ 90ನೆಯ ದಿನ ಸೆಪ್ಟೆಂಬರ್ 28, ಹಣ ಬರಬೇಕಾದ ಕಡೆಯ ದಿನ ನವೆಂಬರ್ 12. ಆದರೆ ಸೆಪ್ಟೆಂಬರ್ ಕೊನೆಯಲ್ಲಿ ನಾನು ಬೇಡಿಕೆ ಸಲ್ಲಿಸಿದಾಗ, ಅವರ ದಾಖಲೆಯ ಪ್ರಕಾರ ಸೇರಿದ ದಿನಾಂಕ ಜುಲೈ 14 ಎಂಬ ಉತ್ತರ ಬಂತು. ಮೊದಲ 13 ದಿನಗಳನ್ನು ಅವರು ತರಬೇತಿ ಎಂದು ಬರೆದುಕೊಂಡಿದ್ದರು. ಆ ಹುಡುಗಿಯ ಬಳಿ ಜುಲೈ 1ರ ಹಾಜರಿಗೆ ಬೇರೆ ಸಾಕ್ಷಿ ಇರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಭವಿಷ್ಯ ನಿಧಿ. ಇಪಿಎಫ್‌ಒ ಸದಸ್ಯರ ಪೋರ್ಟಲ್‌ನಲ್ಲಿ ತಮ್ಮ ಯುಎಎನ್ (ಭವಿಷ್ಯ ನಿಧಿ ಸದಸ್ಯರ ಸಂಖ್ಯೆ) ಹಾಕಿ ಒಳಹೊಕ್ಕರೆ, ಸರ್ವಿಸ್ ಹಿಸ್ಟರಿ ಎಂಬಲ್ಲಿ ಸೇರಿದ ದಿನಾಂಕ ಕಾಣುತ್ತದೆ. ಅಲ್ಲಿ ಸ್ವತಃ ಕಂಪನಿಯೇ ಜುಲೈ 1 ಎಂದು ನಮೂದಿಸಿತ್ತು. ಅವರು ತಮ್ಮ ಮೊಬೈಲಿನಲ್ಲೇ ತೆರೆದು ತೋರಿಸಿದರು, ಯುಎಎನ್ ಅಂಕಿಗಳನ್ನು ಮರೆಮಾಡಿ ಆ ಸಾಲನ್ನಷ್ಟೇ ಕಳುಹಿಸಿದೆ. ಒಂಬತ್ತು ದಿನ ತಡವಾಗಿ, ನವೆಂಬರ್ 21ರಂದು 12,000 ರೂಪಾಯಿ ಖಾತೆಗೆ ಬಂತು. ಆ ಸಂದೇಶ ಬಂದಾಗ ಯಾರದೋ ರೇಷನ್ ಕಾರ್ಡಿನ ಅರ್ಜಿ ತುಂಬುತ್ತಿದ್ದೆ. ಅರ್ಧ ತುಂಬಿದ ಅರ್ಜಿಯನ್ನು ಬಿಟ್ಟು ಎದ್ದು ಹೊರಗೆ ಹೋಗಿ, ಎರಡು ನಿಮಿಷ ರಸ್ತೆ ನೋಡುತ್ತಾ ನಿಂತಿದ್ದು ನೆನಪಿದೆ.

ಈ ನಡುವೆ ಬಂದ ಎರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಗಸ್ಟ್‌ನಲ್ಲಿ ವಾಟ್ಸಾಪ್‌ನಲ್ಲಿ ಒಬ್ಬರು, ನನ್ನ ಬಹುಮಾನದ ವ್ಯಾಲೆಟ್ ತೆರೆಯಲು 1,999 ರೂಪಾಯಿ ಕಟ್ಟಬೇಕು, ಅದು ನಂತರ ವಾಪಸ್ ಬರುತ್ತದೆ ಎಂದು ಬರೆದರು. ಚಿತ್ರ, ಮುದ್ರೆ ಎಲ್ಲವೂ ಆಪ್‌ನವರದೇ ಎನ್ನುವಂತಿದ್ದವು. ಬಹುಮಾನ ಕೊಡುವವರು ನಿಮ್ಮಿಂದ ಹಣ ಕೇಳಿದರೆ ಅದು ಮೋಸವೇ. ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎರಡನೆಯದು, ಕೊಲ್ಲಿ ದೇಶವೊಂದರ ಚಾಲಕರ ಕೆಲಸಕ್ಕೆ ತಲಾ 15,000 ಬಹುಮಾನದ ಪ್ರಕಟಣೆ. ಇಬ್ಬರು ಪಾಸ್‌ಪೋರ್ಟ್ ಹಿಡಿದುಕೊಂಡೇ ಬಂದರು. 1983ರ ವಲಸೆ ಕಾಯ್ದೆಯಂತೆ ಹೊರದೇಶದ ಕೆಲಸಕ್ಕೆ ಜನರನ್ನು ನೇಮಿಸಿ ಕಳುಹಿಸುವವರು ಕೇಂದ್ರ ಸರ್ಕಾರದಲ್ಲಿ ನೋಂದಣಿಯಾದ ಏಜೆಂಟರಾಗಿರಬೇಕು. ಆ ಪಟ್ಟಿ ಇ–ಮೈಗ್ರೇಟ್ ಪೋರ್ಟಲ್‌ನಲ್ಲಿದೆ. ಪ್ರಕಟಣೆ ಹಾಕಿದವರ ಹೆಸರು ಅದರಲ್ಲಿ ಇರಲಿಲ್ಲ. ಇಬ್ಬರಿಗೂ ಪಟ್ಟಿಯನ್ನು ತೋರಿಸಿ, ಪಾಸ್‌ಪೋರ್ಟಿನ ಝೆರಾಕ್ಸ್ ಕೂಡ ಮಾಡದೆ ಕಳುಹಿಸಿದೆ. ಅಂಗಡಿಯಲ್ಲಿ ಕುಳಿತು ನಾವು ಕಳುಹಿಸುವ ಒಂದು ಹೆಸರು ಬೇರೆ ದೇಶದಲ್ಲಿ ಒಬ್ಬ ಮನುಷ್ಯನನ್ನು ಸಿಕ್ಕಿಹಾಕಿಸಬಹುದು. ಆ ಭಾರ ಹೊರಲು ನಾನು ಸಿದ್ಧನಿಲ್ಲ.

ಈಗ ನಾಲ್ಕನೆಯವನ ವಿಷಯಕ್ಕೆ ಬರುತ್ತೇನೆ. ನಾನು ಇದನ್ನೆಲ್ಲ ಬರೆಯಲು ಕುಳಿತದ್ದೇ ಅವನಿಗಾಗಿ.

ಐಟಿಐ ಮುಗಿಸಿ ಎರಡು ವರ್ಷ, ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ ಸಿಎನ್‌ಸಿ ಯಂತ್ರದ ಮೇಲೆ ಕೆಲಸ ಮಾಡಿದ ಅನುಭವವಿದ್ದ ಹುಡುಗ. ಪೀಣ್ಯದ ಕಾರ್ಖಾನೆಯೊಂದರ ಪ್ರಕಟಣೆಯಲ್ಲಿ ಸಂಬಳ 19,000, ಸೂಚಿಸಿದವರಿಗೆ 10,000. ಯಂತ್ರವನ್ನು ತಾನೇ ಸೆಟ್ಟಿಂಗ್ ಮಾಡಬಲ್ಲವರು ಸುಲಭಕ್ಕೆ ಸಿಗದ ಕಾರಣ ಮೊತ್ತ ಅಷ್ಟಿತ್ತು. ಆಗಸ್ಟ್ 18ರಂದು ಸೇರಿದ. ನಾನು ಮೊದಲ ದಿನವೇ ಗೇಟ್ ಪಾಸಿನ ಫೋಟೊ ತರಿಸಿಕೊಂಡೆ, ಆಫರ್ ಲೆಟರಿನ ಹೆಸರು ತಾಳೆ ನೋಡಿದೆ, ನೋಟ್‌ಬುಕ್ಕಿನಲ್ಲಿ ಅವನ ಪುಟದ ಮೇಲೆ ‘ನವೆಂಬರ್ 15’ ಎಂದು ಕೆಂಪು ಪೆನ್ನಿನಲ್ಲಿ ಬರೆದು ಸುತ್ತು ಹಾಕಿದೆ. ಅದು ಅವನ 90ನೆಯ ದಿನ. ಆದರೆ ಬಹುಮಾನದ ವಿಷಯವನ್ನು ಅವನಿಗೆ ಹೇಳಿರಲಿಲ್ಲ. ಬೇಕೆಂದು ಮುಚ್ಚಿಟ್ಟೆ ಎನ್ನಲಾರೆ, ಹೇಳುವ ಸಂದರ್ಭ ಬಂದಾಗಲೆಲ್ಲ ದಾಟಿಸಿಕೊಂಡು ಹೋದೆ ಎಂಬುದೇ ಸತ್ಯ.

ಬಲಿಪಾಡ್ಯಮಿಯ ದಿನ, ಅಕ್ಟೋಬರ್ 22ರಂದು, ಹಬ್ಬಕ್ಕೆ ಊರಿಗೆ ಬಂದಿದ್ದವನು ಕಾರ್ಮಿಕರ ವಿಮೆಯಾದ ಇಎಸ್‌ಐನ ಇ–ಪೆಹಚಾನ್ ಕಾರ್ಡು ಪ್ರಿಂಟ್ ಮಾಡಿಸಲು ತಾಯಿಯನ್ನು ಕರೆದುಕೊಂಡು ಅಂಗಡಿಗೆ ಬಂದ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಮೊಬೈಲ್ ತೆಗೆದುಕೊಡು ಎಂದಾಗ ಎಡಗೈಯಿಂದ ತೆಗೆದ. ನಾನು ಏನಾಯಿತೆಂದು ಕೇಳುವ ಮೊದಲೇ ತಾಯಿ ಅವನ ಕೈಯನ್ನು ಎಳೆದು ಕೌಂಟರಿನ ಮೇಲಿಟ್ಟು, ‘ನೋಡಣ್ಣ’ ಎಂದರು. ಬೆರಳ ಸಂದುಗಳಲ್ಲಿ ಚರ್ಮ ನೆನೆದು ಬೆಳ್ಳಗೆ ಸುಲಿದಿತ್ತು. ಗೆಣ್ಣುಗಳ ಮೇಲೆ ಕೆಂಪು ಬಿರುಕುಗಳು, ಒಂದೆರಡರಲ್ಲಿ ರಕ್ತ ಒಣಗಿತ್ತು. ಲೋಹ ಕೊರೆಯುವಾಗ ಯಂತ್ರದಲ್ಲಿ ಹರಿಯುವ ಕೂಲೆಂಟ್ ನೀರು ದಿನವೂ ಗಂಟೆಗಟ್ಟಲೆ ಕೈಗೆ ತಾಗಿ ಕೆಲವರಿಗೆ ಹೀಗಾಗುತ್ತದೆ. ಸಾರಿನ ಖಾರ ಬಿರುಕಿಗೆ ಇಳಿದು ಉರಿಯುತ್ತದೆಂದು ಹಬ್ಬದ ದಿನವೂ ಮಗ ಮುದ್ದೆಯನ್ನು ಚಮಚದಲ್ಲಿ ಮುರಿದುಕೊಂಡು ತಿಂದ ಎಂದು ಆ ತಾಯಿ ಹೇಳಿದರು.

‘ವಾಪಸ್ ಹೋಗೋ ಮನಸ್ಸೇ ಇಲ್ಲಣ್ಣ’ ಎಂದ ಹುಡುಗ.

ನಾನು ಆಗ ಹೇಳಬೇಕಾಗಿದ್ದ ಮಾತುಗಳು ಎಷ್ಟೋ ಇದ್ದವು. ನನ್ನ ಬಾಯಿಂದ ಬಂದದ್ದು, ‘ಇನ್ನೊಂದು ಇಪ್ಪತ್ತನಾಲ್ಕು ದಿನ ಹೇಗಾದ್ರೂ ತಡ್ಕೊಳಪ್ಪ’ ಎಂಬುದು.

ಅವನು ತಲೆಯೆತ್ತಿ ನೋಡಿದ. ‘ಅದೇನಣ್ಣ, ಇಪ್ಪತ್ತನಾಲ್ಕೇ ದಿನ ಅಂತ ಲೆಕ್ಕ?’

ತಾಯಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ನನಗೆ ಆಯಿತು. ಅವನ ಕೈ ನನ್ನ ಕೌಂಟರಿನ ಮೇಲೆ ಇನ್ನೂ ಹಾಗೆಯೇ ಇತ್ತು, ನಾನು ಅದನ್ನು ನೋಡುತ್ತಾ ನನ್ನ ದಿನಗಳನ್ನು ಎಣಿಸಿದ್ದೆ. ನಮ್ಮ ಬಯಲುಸೀಮೆಯ ಕಡೆಯಿಂದ ಘಟ್ಟದ ಕಾಫಿ ತೋಟಗಳಿಗೆ ಆಳುಗಳನ್ನು ಕರೆದೊಯ್ಯುತ್ತಿದ್ದ ಮೇಸ್ತ್ರಿಗಳ ಬಗ್ಗೆ ಹಿರಿಯರು ಹೇಳುತ್ತಿದ್ದರು. ಆಳು ತೋಟದಲ್ಲಿ ದುಡಿದಷ್ಟು ದಿನ ಮೇಸ್ತ್ರಿಗೆ ಕಮಿಷನ್, ಆದ್ದರಿಂದ ಆಳಿಗೆ ಜ್ವರ ಬಂದರೂ ಮೇಸ್ತ್ರಿಯ ಕಣ್ಣು ಹಾಜರಿ ಪುಸ್ತಕದ ಮೇಲೆ ಎಂದು. ಆ ಮಾತು ಆ ಕ್ಷಣಕ್ಕೆ ನನ್ನ ಮುಂದೆ ಬಂದು ನಿಂತಿತು. ಡ್ರಾಯರಿನಿಂದ ನೋಟ್‌ಬುಕ್ ತೆಗೆದು ಅವನ ಪುಟವನ್ನು ಬಿಡಿಸಿ ತೋರಿಸಿದೆ. ನವೆಂಬರ್ 15ರವರೆಗೆ ನೀನು ಕೆಲಸದಲ್ಲಿದ್ದರೆ ನನಗೆ 10,000 ರೂಪಾಯಿ ಬರುತ್ತದೆ, ಇದನ್ನು ನಿನಗೆ ಮೊದಲ ದಿನವೇ ಹೇಳಬೇಕಿತ್ತು, ಈಗ ನಿನ್ನ ಕೈ ನೋಡಿ ನೀನೇ ತೀರ್ಮಾನ ಮಾಡು, ನನ್ನ ಹಣದ ಲೆಕ್ಕ ಇಟ್ಟುಕೊಳ್ಳಬೇಡ ಎಂದೆ. ಅವನು ಬಹಳ ಹೊತ್ತು ಪುಟವನ್ನು ನೋಡಿದ. ಸಿಟ್ಟು ಮಾಡಿಕೊಳ್ಳಲಿಲ್ಲ. ‘ನನಗೂ ಏನಾದ್ರೂ ಬರುತ್ತಾ ಅಣ್ಣ ಅದ್ರಲ್ಲಿ?’ ಎಂದಷ್ಟೇ ಕೇಳಿದ. ಬಂದರೆ ಅರ್ಧ ನಿನ್ನದು, ಬರದಿದ್ದರೂ ನನಗೆ ನಿನ್ನ ಮೇಲೆ ಬೇಸರವಿಲ್ಲ ಎಂದು ತಾಯಿಯ ಎದುರಿಗೇ ಹೇಳಿದೆ.

ಆಮೇಲೆ ಕಾರ್ಡು ಪ್ರಿಂಟ್ ಮಾಡಿಕೊಟ್ಟು, ನನಗೆ ಗೊತ್ತಿದ್ದನ್ನು ಹೇಳಿದೆ. ತಿಂಗಳ ಸಂಬಳ 21,000 ರೂಪಾಯಿಯವರೆಗೆ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಆಸ್ಪತ್ರೆಯ ಚಿಕಿತ್ಸೆಗೆ ಕೆಲಸಕ್ಕೆ ಸೇರಿದ ದಿನದಿಂದಲೇ ಹಕ್ಕಿದೆ, ಕಾಯಿಲೆಯ ರಜೆಯ ದಿನಗಳಿಗೆ ಸಿಗುವ ನಗದು ಮಾತ್ರ ಹೊಸದಾಗಿ ಸೇರಿದವರಿಗೆ ಕೂಡಲೇ ಬರುವುದಿಲ್ಲ. ಅವನು ಪೀಣ್ಯಕ್ಕೆ ಮರಳಿ ಇಎಸ್‌ಐ ವೈದ್ಯರಿಗೆ ತೋರಿಸಿ, ಐದು ದಿನ ಕೈಗೆ ವಿಶ್ರಾಂತಿ ಬೇಕೆಂಬ ಚೀಟಿ ಪಡೆದ. ಸೂಪರ್‌ವೈಸರ್ ಅದನ್ನು ಒಪ್ಪಿದರು. ಆ ನಂತರ ಜಾಬ್ (ಯಂತ್ರದಲ್ಲಿ ಕೊರೆಯುವ ಲೋಹದ ತುಂಡು) ಹಾಕಿ ತೆಗೆಯುವಾಗ ರಬ್ಬರ್ ಗ್ಲೌಸ್ ಕೊಡಿಸಿದರು. ಯಂತ್ರದ ತಿರುಗುವ ಭಾಗವಾದ ಸ್ಪಿಂಡಲ್ ಓಡುತ್ತಿರುವಾಗ ಗ್ಲೌಸ್ ಹಾಕಿಕೊಂಡು ಕೈ ಹತ್ತಿರ ಒಯ್ಯುವುದು ಅಪಾಯ, ಆದ್ದರಿಂದ ಪ್ರತಿ ಸಲವೂ ಹಾಕಿ ಬಿಚ್ಚಬೇಕು. ‘ಟೈಮ್ ಹೋಗುತ್ತೆ ಅಂತ ಯಾರೂ ಹಾಕ್ಕೊಳ್ಳಲ್ಲಣ್ಣ, ನಾನು ಹಾಕ್ಕೊಳ್ತಿದೀನಿ’ ಎಂದು ಫೋನಿನಲ್ಲಿ ಹೇಳಿದ.

ಐದು ದಿನದ ರಜೆಯಿಂದ ‘ನಿರಂತರ ಸೇವೆ’ ತುಂಡಾಗುತ್ತದೆಯೇ ಎಂಬ ಪ್ರಶ್ನೆ ಬಂತು. ಷರತ್ತಿನಲ್ಲಿ ಇದರ ವಿವರಣೆ ಇರಲಿಲ್ಲ. ನಾನು ಆಪ್‌ನವರಿಗೆ ಬರೆದೆ, ಆರು ದಿನ ಕಾದ ಮೇಲೆ, ಹೆಸರು ಹಾಜರಿ ಪಟ್ಟಿಯಲ್ಲಿ ಇರುವವರೆಗೆ ವೈದ್ಯಕೀಯ ರಜೆಯಿಂದ ತೊಂದರೆಯಿಲ್ಲ ಎಂಬ ಉತ್ತರ ಬಂತು. ಬೇರೆ ಕಡೆ ನಿಯಮ ಬೇರೆಯಿರಬಹುದು, ಅದನ್ನು ಮೊದಲೇ ಕೇಳಿ ಬರಹದಲ್ಲಿ ಇಟ್ಟುಕೊಳ್ಳಿ. ಉತ್ತರ ಏನೇ ಬಂದಿದ್ದರೂ ರಜೆ ಹಾಕಬೇಡ ಎಂದು ಹೇಳುವುದಿಲ್ಲವೆಂದು ನಾನು ಆ ಆರು ದಿನಗಳಲ್ಲಿ ನನಗೇ ಹೇಳಿಕೊಂಡಿದ್ದೆ. ಹಾಗೆ ಹೇಳಿಕೊಳ್ಳಬೇಕಾದ ಸ್ಥಿತಿ ಇತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಎಲ್ಲ ಹಣವನ್ನೂ 90ನೆಯ ದಿನಕ್ಕೆ ಕಟ್ಟಿಹಾಕುವ ಬದಲು, 30ಕ್ಕೆ ಒಂದಿಷ್ಟು, 60ಕ್ಕೆ ಒಂದಿಷ್ಟು ಎಂದು ಹಂಚಿ ಕೊಟ್ಟರೆ ಸೂಚಿಸುವವರ ಮನಸ್ಸು ಈ ಮಟ್ಟಕ್ಕೆ ಇಕ್ಕಟ್ಟಿಗೆ ಸಿಗುವುದಿಲ್ಲ. ನಾನು ಇದನ್ನು ಆಪ್‌ನವರಿಗೂ ಬರೆದಿದ್ದೇನೆ.

ನವೆಂಬರ್ 15 ದಾಟಿತು. ಅವನು ನವೆಂಬರ್ 29ರಂದು ಆ ಕೆಲಸ ಬಿಟ್ಟ. ಊರಿಗೆ ಹತ್ತಿರವಾಗುವಂತೆ ವಸಂತನರಸಾಪುರದ ಒಂದು ಕಾರ್ಖಾನೆಗೆ ತಾನೇ ಅರ್ಜಿ ಹಾಕಿ ಸೇರಿಕೊಂಡ. ಬಿಟ್ಟ ಸುದ್ದಿ ಕೇಳಿದಾಗ ನನ್ನ ಹಣ ನಿಲ್ಲಬಹುದೆಂಬ ಭಯ ಒಂದು ಕ್ಷಣ ಬಂದು ಹೋಯಿತು, ಆದರೆ 90 ದಿನದ ನಂತರ ಬಿಟ್ಟರೆ ಬಹುಮಾನಕ್ಕೆ ಅಡ್ಡಿಯಿಲ್ಲ ಎಂದು ಷರತ್ತಿನಲ್ಲಿತ್ತು.

ಡಿಸೆಂಬರ್ 30ರಂದು ಖಾತೆಗೆ ಬಂದದ್ದು 10,000 ಅಲ್ಲ, 9,560. ಮೊದಲ 12,000ಕ್ಕೆ ಏನೂ ಹಿಡಿಯದವರು ಈಗ 440 ಏಕೆ ಹಿಡಿದರು ಎಂದು ಗೊಂದಲವಾಯಿತು. ಪರಿಚಯದ ಆಡಿಟರ್ ಬಿಡಿಸಿ ಹೇಳಿದರು. ಕಮಿಷನ್ ರೂಪದ ಹಣಕ್ಕೆ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 194ಎಚ್ ಕಲಮಿನಡಿ ಮೂಲದಲ್ಲಿಯೇ ಶೇ 2ರಷ್ಟು ತೆರಿಗೆ ಕಡಿತ. 2024ರ ಅಕ್ಟೋಬರ್‌ಗೆ ಮೊದಲು ಅದು ಶೇ 5 ಇತ್ತು. ಒಬ್ಬರಿಂದ ಒಂದು ಆರ್ಥಿಕ ವರ್ಷದಲ್ಲಿ ಬರುವ ಒಟ್ಟು ಮೊತ್ತ 20,000 ದಾಟುವವರೆಗೆ ಕಡಿತವಿಲ್ಲ, ದಾಟಿದರೆ ಒಟ್ಟು ಮೊತ್ತಕ್ಕೂ ಲೆಕ್ಕ. ಆಪ್‌ನವರಿಂದ ನನಗೆ ಬಂದ ಎರಡೂ ಸೇರಿ 22,000 ಆದ್ದರಿಂದ ಅದರ ಶೇ 2, ಅಂದರೆ 440 ರೂಪಾಯಿಯನ್ನು ಎರಡನೆಯ ಕಂತಿನಲ್ಲಿ ಹಿಡಿದಿದ್ದರು. ಇದು ಕಳೆದುಹೋದ ಹಣವಲ್ಲ. ಇಲಾಖೆಯ ತೆರಿಗೆ ಜಮಾ ಪಟ್ಟಿಯಲ್ಲಿ (ಆ ವರ್ಷಕ್ಕೆ ಅದು ನಮೂನೆ 26ಎಎಸ್) ನಿಮ್ಮ ಪ್ಯಾನ್ ಎದುರು ಕಾಣುತ್ತದೆ, ಕಟ್ಟಬೇಕಾದ ತೆರಿಗೆ ಇಲ್ಲದವರು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದ ಆ ಕಡಿತಕ್ಕೆ ಫಾರ್ಮ್ 16ಎ (ಕಡಿತದ ಪ್ರಮಾಣಪತ್ರ) ಕೊಡಲು ಫೆಬ್ರವರಿ 15ರವರೆಗೆ ಸಮಯವಿತ್ತು. ನನಗೆ ಎರಡು ಸಲ ಕೇಳಿದ ಮೇಲೆ ಬಂತು. ನೀವು ಬಹುಮಾನದಲ್ಲಿ ಯಾರಿಗಾದರೂ ಪಾಲು ಕೊಟ್ಟರೂ ಪೂರ್ತಿ ಮೊತ್ತ ನಿಮ್ಮ ಹೆಸರಿನಲ್ಲೇ ಆದಾಯವಾಗಿ ಕಾಣುತ್ತದೆ, ಆದ್ದರಿಂದ ಕೊಡುವುದನ್ನು ನಗದಿನ ಬದಲು ಖಾತೆಗೆ ಹಾಕಿ ದಾಖಲೆ ಇಟ್ಟುಕೊಳ್ಳುವುದು ಒಳ್ಳೆಯದು.

ನನ್ನ ಖರ್ಚು ಫೋನು, ದಾಬಸ್‌ಪೇಟೆಯ ಬಸ್ಸು, ಪ್ರಿಂಟು ಎಲ್ಲ ಸೇರಿ ಸುಮಾರು 2,300 ರೂಪಾಯಿ ಆಗಿದೆ. ಅಭ್ಯರ್ಥಿಗಳಿಂದ ಬಯೋಡೇಟಾದ ಪ್ರಿಂಟಿಗೂ ಹಣ ಪಡೆಯಲಿಲ್ಲ. ಒಂದು ಕಡೆ ಕಂಪನಿಯಿಂದ ಪಡೆಯುವಾಗ ಇನ್ನೊಂದು ಕಡೆ ಕೆಲಸ ಬೇಕಾದವರಿಂದಲೂ ಪಡೆಯುವವರನ್ನು ನಾನು ನೋಡಿದ್ದೇನೆ, ನೀವು ಆ ದಾರಿ ಹಿಡಿಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

9,560ರ ಅರ್ಧ 4,780ನ್ನು ಡಿಸೆಂಬರ್ 31ರಂದು ಆ ಹುಡುಗನ ಖಾತೆಗೆ ಹಾಕಿದೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಅಂಗಡಿಗೆ ಬಂದಿದ್ದ. ಜೊತೆಯಲ್ಲಿ ಐಟಿಐ ಮುಗಿಸಿದ ಗೆಳೆಯನಿದ್ದ. ಪೊಟ್ಟಣ ಬಿಡಿಸಿ ನನ್ನ ಅಂಗೈಗೆ ಸುರಿದ ಅವನ ಬೆರಳುಗಳಲ್ಲಿ ಹೊಸ ಚರ್ಮ ಬಂದಿತ್ತು, ಬಿರುಕುಗಳಿದ್ದ ಕಡೆ ತೆಳು ಗೆರೆಗಳಷ್ಟೇ ಉಳಿದಿದ್ದವು. ಗೆಳೆಯನಿಗೂ ಎಲ್ಲಾದರೂ ನೋಡಿ ಎಂದ. ನಾನು ಕಂಪ್ಯೂಟರಿನ ಪರದೆಯನ್ನು ಅವರಿಬ್ಬರ ಕಡೆಗೆ ತಿರುಗಿಸಿ, ಕೆಲಸದ ವಿವರದ ಜೊತೆಗೆ ಬಹುಮಾನದ ಮೊತ್ತವನ್ನೂ ದಿನದ ಷರತ್ತನ್ನೂ ಮೊದಲು ಓದಿಸಿದೆ. ಆ ಮೇಲೆ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು, ಅವನ ಹೆಸರನ್ನು ಅವನ ಕೈಯಿಂದಲೇ ಬರೆಸಿದೆ.